ಓದಿನ ಸಾಲದ ನ್ಯಾಯ

ಸಿಇಟಿಯ ರ‍್ಯಾಂಕುಗಳು ಪ್ರಕಟವಾಗಿ ಸೀಟು ಹಂಚಿಕೆಯ ಸುತ್ತುಗಳು ಆರಂಭವಾಗುವ ವಾರಗಳಲ್ಲಿ, ದೇವರಾಯನದುರ್ಗದ ಸೆರಗಿನ ಊರ್ಡಿಗೆರೆಯಂಥ ಸೀಮೆಯಲ್ಲಿ, ಒಂದು ರಾಗಿಯ ಹೊಲ, ನಾಲ್ಕು ಹುಣಸೆಮರ, ಕೊಳವೆಬಾವಿಯ ನೀರು ಇರುವಷ್ಟು ದಿನ ಹಸುರಾಗಿರುವ ಅಡಿಕೆತೋಟ, ಇವಿಷ್ಟೇ ಆಸ್ತಿಯೆನಿಸಿದ ಮನೆಗಳಲ್ಲಿ ಚರ್ಚೆಗೆ ಬರುವ ಪ್ರಶ್ನೆಯು ಮಗನೋ ಮಗಳೋ ಏನನ್ನು ಓದತಕ್ಕದ್ದೆಂಬುದಕ್ಕಿಂತ, ಬ್ಯಾಂಕಿನವರು ಎಷ್ಟು ಕೊಟ್ಟಾರು, ಪಹಣಿ ಕೇಳಿಯಾರೆ, ಜಾಮೀನಿಗೆ ಯಾರು ನಿಂತಾರು ಎಂಬುದೇ ಆಗಿರುತ್ತದೆ. ಇದು ಕೇವಲ ಲೇವಾದೇವಿಯ ಮಾತೆಂದು ತಳ್ಳಿಹಾಕುವಂತಿಲ್ಲ. ಮಕ್ಕಳ ಉನ್ನತ ಶಿಕ್ಷಣದ ಭಾರವನ್ನು ಸಮಾಜವು ಯಾರ ಹೆಗಲ ಮೇಲೆ ಇಡತಕ್ಕದ್ದೆಂಬ ಧರ್ಮವಿಚಾರವೇ ಅದರ ಹಿಂದಿರುವುದರಿಂದ, ಶಿಕ್ಷಣಸಾಲವೆಂಬ ಏರ್ಪಾಟನ್ನು ಅದರ ಉದ್ದೇಶ, ರಚನೆ, ಫಲಗಳೊಡನೆ ಪರಾಮರ್ಶಿಸಿ ಬೆಲೆಗಟ್ಟುವುದು ಯುಕ್ತವಾಗಿ ತೋರುತ್ತದೆ.

ಪೂರ್ವಪಕ್ಷಕ್ಕೆ ಮೊದಲು ನ್ಯಾಯ ಸಲ್ಲಿಸೋಣ. ಸಾಲವನ್ನು ಹಳಿಯುವವರು ಸಾಮಾನ್ಯವಾಗಿ ಹಿಂದಿನ ಕಾಲದ ಔದಾರ್ಯವನ್ನು ನೆನೆಯುತ್ತಾರೆ. ವಾರಾನ್ನವುಂಡು ಓದಿ ದೊಡ್ಡವರಾದವರ ಚರಿತ್ರೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗೌರಿಬಿದನೂರು ಸೀಮೆಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದು, ಪರಾಶ್ರಯದಲ್ಲಿ ಓದಿ, ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರೆಗೆ ಹೋಗಿ ಬಂದ ಎಚ್. ನರಸಿಂಹಯ್ಯನವರ ದೃಷ್ಟಾಂತವಂತೂ ಎಲ್ಲರಿಗೂ ಕಂಠಸ್ಥ. ಆದರೆ ವಾರಾನ್ನವನ್ನು ಕೊಂಡಾಡುವವರು ಅದರ ಹಂಗನ್ನು ಮರೆತಿರುತ್ತಾರೆ: ಸೋಮವಾರದ ಮನೆಯವರು ಊರಿಗೆ ಹೋದರೆ ಸೋಮವಾರ ಉಪವಾಸ, ಯಾವ ಜಾತಿಯ ಹುಡುಗನಿಗೆ ಯಾವ ಮನೆಯ ಪಂಕ್ತಿಯಲ್ಲಿ ಎಲೆ ಬೀಳುವುದೆಂಬುದು ಮೊದಲೇ ನಿಶ್ಚಿತವಾದದ್ದು, ಹೆಣ್ಣುಮಕ್ಕಳಿಗೆ ಆ ದಾರಿ ಇದ್ದೇ ಇರಲಿಲ್ಲವೆಂದರೂ ತಪ್ಪಾಗದು. ಸಾಲ ಪಡೆದ ವಿದ್ಯಾರ್ಥಿಯು ಯಾರ ಹೊಸ್ತಿಲಲ್ಲೂ ಕಾಯಬೇಕಾಗಿಲ್ಲ. ಆ ಮಟ್ಟಿಗೆ ಸಾಲದಲ್ಲಿ ಒಂದು ಗೌರವವಿದೆ.

ಈ ಸೀಮೆಯಲ್ಲಿ ಜಾತಿಯ ಕಟ್ಟನ್ನು ದಾಟಿ ನಡೆದ ದಾನವೆಂದರೆ ಕ್ಯಾತ್ಸಂದ್ರದ ಸಿದ್ಧಗಂಗಾ ಮಠದ್ದು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಸಾವಿರಾರು ಮಕ್ಕಳು ಉಂಡು, ಉಳಿದು, ಓದಿದರೆಂಬುದನ್ನು ಈ ಸುತ್ತಿನ ಯಾವ ಹಳ್ಳಿಯಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ದಾಸೋಹದ ಅಕ್ಕಿ, ರಾಗಿ, ಬೇಳೆಗಳು ಭಕ್ತರ ಕಣಗಳಿಂದ ಬಂದಾವು. ಯಂತ್ರಾಗಾರ, ಪ್ರಯೋಗಶಾಲೆ, ಪದವೀಧರ ಅಧ್ಯಾಪಕವರ್ಗಗಳು ಹಾಗೆ ಬರಲಾರವು. 1963ರಲ್ಲಿ ಅದೇ ಮಠದ ಆಶ್ರಯದಲ್ಲಿ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವು ಸ್ಥಾಪಿತವಾದಾಗ, ಉಚಿತ ಪ್ರಸಾದನಿಲಯವೂ ಶುಲ್ಕ ತೆತ್ತು ಓದುವ ವಿದ್ಯಾಲಯವೂ ನೆರೆಹೊರೆಯಾಗಿ ನಿಂತವು. ಆ ಶುಲ್ಕವನ್ನು ತೆರಲಾರದವನ ಗತಿ ಏನು? ಶಿಕ್ಷಣಸಾಲವು ಹುಟ್ಟಿದ್ದು ಈ ಪ್ರಶ್ನೆಯಿಂದ.

ಇಂದು ಪ್ರಚಲಿತವಾಗಿರುವ ಪದ್ಧತಿಗೆ ಮೂಲವೆಂದರೆ 2001ರ ಮಾದರಿ ಯೋಜನೆ. ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್. ಜೆ. ಕಾಮತರ ಸಮಿತಿಯ ವರದಿಯನ್ನನುಸರಿಸಿ ಭಾರತೀಯ ಬ್ಯಾಂಕುಗಳ ಸಂಘವು ಅದನ್ನು ರೂಪಿಸಿತು. ಹೆಣ್ಣುಮಕ್ಕಳಿಗೂ ಶಾಲೆ ತೆರೆದ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯ ಮುಖ್ಯಸ್ಥರೇ ಈ ಕಾರ್ಯಕ್ಕೆ ನಿಯುಕ್ತರಾದದ್ದು ಅನುಚಿತವೇನಲ್ಲ. ಯೋಜನೆಯ ಮುಖ್ಯಾಂಶಗಳು ತಿಳಿದವೇ: 4 ಲಕ್ಷದವರೆಗೆ ಆಧಾರವಾಗಲಿ ಮೂರನೆಯವರ ಜಾಮೀನಾಗಲಿ ಬೇಡ, 7.5 ಲಕ್ಷವನ್ನು ಮೀರಿದರೆ ಆಸ್ತಿಯ ಅಡಮಾನ, ಓದು ಮುಗಿದು ಒಂದು ವರ್ಷ ಕಳೆಯುವವರೆಗೆ ಕಂತಿಲ್ಲ, ಅಲ್ಲಿಯವರೆಗೆ ಸರಳಬಡ್ಡಿ, ಈಚಿನ ಪರಿಷ್ಕರಣದಂತೆ ತೀರಿಸಲು 15 ವರ್ಷ. ತಂದೆತಾಯಿಗಳ ವಾರ್ಷಿಕ ವರಮಾನ 4.5 ಲಕ್ಷದೊಳಗಿದ್ದು ಓದು ವೃತ್ತಿಪರ ಅಥವಾ ತಾಂತ್ರಿಕ ಶಿಕ್ಷಣವಾದರೆ, 2009ರಿಂದೀಚೆಗೆ ವಿರಾಮಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕೊಡುವ ಏರ್ಪಾಟೂ ಬಂದಿತು. ಕಾಗದದ ಮೇಲೆ ಇದು ಸಹೃದಯವಾದ ರಚನೆ.

ಇನ್ನು ಲೆಕ್ಕವನ್ನು ನೋಡಬೇಕು. ಸಾಲದ ವಿಮರ್ಶೆಯಲ್ಲಿ ಲೆಕ್ಕವನ್ನು ಬಿಟ್ಟು ಭಾವವನ್ನು ಮಾತ್ರ ಹೇಳುವವನು ಓದುಗನಿಗೆ ಮೋಸ ಮಾಡಿದಂತೆ. ವರ್ಷಾರಂಭದಲ್ಲಿ ಒಂದೊಂದು ಲಕ್ಷದಂತೆ ಎಂಜಿನಿಯರಿಂಗಿನ ನಾಲ್ಕು ವರ್ಷಕ್ಕೆ 4 ಲಕ್ಷ ರೂಪಾಯಿಯನ್ನು, ಶೇಕಡ 10ರ ಬಡ್ಡಿಗೆ, ಒಬ್ಬ ಹುಡುಗಿ ಪಡೆದಳೆಂದು ಭಾವಿಸೋಣ. ಮೊದಲ ಕಂತು ಕಟ್ಟುವ ದಿನ ಬರುವುದರೊಳಗೆ ಸರಳಬಡ್ಡಿಯೇ 1,40,000 ರೂಪಾಯಿ ಆಗಿ, ಬಾಕಿ 5,40,000ಕ್ಕೆ ನಿಂತಿರುತ್ತದೆ. ಅದನ್ನು 15 ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 5,800 ರೂಪಾಯಿ; ಒಟ್ಟು ಕಟ್ಟುವುದು ಹತ್ತು ಲಕ್ಷವನ್ನು ಮೀರುತ್ತದೆ. ಸರ್ಕಾರದ ಬಡ್ಡಿ ಸಹಾಯ ದೊರೆತಲ್ಲಿ ಕಂತು 4,300ರ ಆಸುಪಾಸಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಮೂವತ್ತು ಸಾವಿರದ ಕೆಲಸ ಹಿಡಿದವಳಿಗೆ ಇದು ಹೊರಬಹುದಾದ ಹೊರೆ; ಈ ಸಂದರ್ಭದಲ್ಲಿ ಸಾಲವು ನಿಸ್ಸಂಶಯವಾಗಿ ಪ್ರಯೋಜಕವೆಂದೇ ನಾನು ಹೇಳುತ್ತೇನೆ. ಹದಿನೈದು ಸಾವಿರಕ್ಕೆ ಸೇರಿ, ಅದರಲ್ಲೇ ಪಿ.ಜಿ.ಯ ಬಾಡಿಗೆ ತೆತ್ತು, ಊರಿಗೂ ಕಳುಹಿಸಬೇಕಾದವಳಿಗೆ ಅದೇ ಕಂತು ಉಸಿರುಗಟ್ಟಿಸುತ್ತದೆ. ಕೆಲಸವೇ ಸಿಗದವಳಿಗೆ? ನಿರುದ್ಯೋಗಿ ಪದವೀಧರರಿಗೆಂದು 2024ರಲ್ಲಿ ಆರಂಭವಾದ ಯುವನಿಧಿಯಿಂದ ಎರಡು ವರ್ಷದ ಮಟ್ಟಿಗೆ ಬರುವ ತಿಂಗಳ 3,000 ರೂಪಾಯಿಯು ಆ ಕಂತಿಗೂ ಸಾಲದು.

ಒಂದೇ ಕಾಲೇಜು, ಒಂದೇ ಶ್ರಮ, ಒಂದೇ ಸಾಲ. ಫಲ ಮಾತ್ರ ಮೂರು ಬಗೆ. ಫಲವು ಅನಿಶ್ಚಿತವಾಗಿರುವಾಗ ಮರುಪಾವತಿಯು ಮಾತ್ರ ನಿಶ್ಚಿತವಾಗಿರುವುದೇ ಈ ಏರ್ಪಾಟಿನ ಮೂಲದೋಷವೆಂದು ನನ್ನ ಅಭಿಪ್ರಾಯ. ಕಾಲೇಜಿಗೆ ಶುಲ್ಕ ಮೊದಲೇ ಸಂದಿರುತ್ತದೆ. 2015ರಲ್ಲಿ ಬಂದ ಖಾತರಿ ನಿಧಿಯು ಆಧಾರವಿಲ್ಲದ 7.5 ಲಕ್ಷದವರೆಗಿನ ಸಾಲಗಳಲ್ಲಿ ಬಾಕಿ ಬಿದ್ದುದರ ಮುಕ್ಕಾಲು ಪಾಲನ್ನು ಬ್ಯಾಂಕಿಗೆ ತುಂಬಿಕೊಡುತ್ತದೆ. ಕಾಲವು ಕೆಟ್ಟರೆ ಪೂರ್ಣವಾಗಿ ಕೆಡುವವರು ಹದಿನೆಂಟರ ವಯಸ್ಸಿನಲ್ಲಿ ಸಹಿ ಹಾಕಿದ ವಿದ್ಯಾರ್ಥಿಯೂ, ಸಹಸಾಲಗಾರನಾಗಿ ಪಕ್ಕದಲ್ಲಿ ಹೆಬ್ಬೆಟ್ಟೊತ್ತಿದ ತಂದೆಯೂ ಮಾತ್ರ. ಆ ತಂದೆಯ ಬೆಳೆಸಾಲ ಹಿಂದೊಮ್ಮೆ ಬರಗಾಲದಲ್ಲಿ ಸುಸ್ತಿಯಾಗಿದ್ದರೆ, ಸಿಬಿಲ್ ಎಂಬ ಅಂಕಿಯನ್ನು ತೋರಿಸಿ ಮಗಳ ಅರ್ಜಿಯನ್ನು ಹಿಂದಿರುಗಿಸುವುದೂ ಉಂಟು. ಆ ಅಂಕಿ ಕಡಿಮೆಯೆಂಬ ಕಾರಣಕ್ಕೆ ಶಿಕ್ಷಣಸಾಲದ ಅರ್ಜಿಯನ್ನು ನಿರಾಕರಿಸಲಾಗದೆಂದು ಕೇರಳದ ಉಚ್ಚ ನ್ಯಾಯಾಲಯವು 2023ರಲ್ಲಿ ಹೇಳಿದ್ದು ಯಥೋಚಿತವಾಗಿದೆ. ಮಳೆ ಬಾರದ್ದಕ್ಕೆ ಮಗಳು ಹೊಣೆಯೆ?

ಸಾಲದ ನ್ಯಾಯಾನ್ಯಾಯವನ್ನು ಶುಲ್ಕದಿಂದ ಬೇರ್ಪಡಿಸಿ ನೋಡುವುದೂ ಸರಿಯಲ್ಲ. ಈ ದೇಶದಲ್ಲಿ ಶುಲ್ಕದ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಮಹತ್ತ್ವ ಪಡೆದದ್ದೇ ತುಮಕೂರಿನ ನಿಮಿತ್ತದಿಂದ. ಅಗಳಕೋಟೆಯ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಮೋಹಿನಿ ಜೈನ್ ಪ್ರಕರಣವು 1992ರಲ್ಲಿ ತೀರ್ಮಾನವಾಯಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ಎಂದು 1989ರ ಅಧಿಸೂಚನೆಯು ಗೊತ್ತುಪಡಿಸಿದ್ದ ಅಂದಿನ ಶುಲ್ಕವನ್ನು ಇಂದಿನ ತಂದೆತಾಯಿಗಳು ಕೇಳಿದರೆ ನಕ್ಕಾರು. ಆದರೆ ಆ 60,000ವನ್ನೇ ಕ್ಯಾಪಿಟೇಶನ್ ಎಂದು ಬಗೆದ ನ್ಯಾಯಾಲಯವು, ವಿದ್ಯೆಯನ್ನು ಪಡೆಯುವುದು ಜೀವಿಸುವ ಹಕ್ಕಿನಿಂದಲೇ ಹೊರಡುವ ಹಕ್ಕೆಂದು ಸಾರಿತು. ಮಾರನೆಯ ವರ್ಷದ ಉನ್ನಿಕೃಷ್ಣನ್ ತೀರ್ಪು ಅದನ್ನು ಪರಿಮಿತಗೊಳಿಸಿತು. ಅದರ ಫಲವಾಗಿ 1994ರಿಂದ ನಮ್ಮಲ್ಲಿ ಸಿಇಟಿಯ ಪದ್ಧತಿ ನಡೆದುಬಂತು. 2002ರಲ್ಲಿ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ, ಅದೂ ಕರ್ನಾಟಕದ್ದೇ, ಖಾಸಗಿ ಸಂಸ್ಥೆಗಳಿಗೆ ಶುಲ್ಕವನ್ನು ಗೊತ್ತುಮಾಡುವ ಸ್ವಾತಂತ್ರ್ಯ ಬಹುಮಟ್ಟಿಗೆ ದೊರೆಯಿತು. ಸಾಲದ ಬಾಗಿಲು ತೆರೆದದ್ದು 2001ರಲ್ಲಿ, ಶುಲ್ಕದ ಕಡಿವಾಣ ಸಡಿಲವಾದದ್ದು 2002ರಲ್ಲಿ. ಈ ಸಾಮೀಪ್ಯವು ಕಾಕತಾಳೀಯವೇ ಇದ್ದೀತು. ಆದರೆ ಶುಲ್ಕ ಹೆಚ್ಚಾಯಿತೆಂಬ ದೂರಿಗೆ, ಬ್ಯಾಂಕಿನಲ್ಲಿ ಸಾಲ ಸಿಗುತ್ತದಲ್ಲ ಎಂಬ ಉತ್ತರವನ್ನು ಅಂದಿನಿಂದ ಕೇಳುತ್ತ ಬಂದಿದ್ದೇವೆ. ಆ ಉತ್ತರದಲ್ಲಿ ನನಗೆ ಯಾವ ನ್ಯಾಯವೂ ಕಾಣದು. ರಸೀತಿಯಿಲ್ಲದ ಕಾಣಿಕೆಗಂತೂ ಬ್ಯಾಂಕು ಸಾಲ ಕೊಡುವುದಿಲ್ಲ. ಮ್ಯಾನೇಜ್‌ಮೆಂಟ್ ಸೀಟಿನ ಆಸೆಗೆ ಅದನ್ನು ಹೊಂದಿಸಲು ತೋಟ ಮಾರಿದವನ ಕಥೆ ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ.

ಬಿ.ಎ., ಬಿ.ಎಸ್ಸಿ. ಓದುವವರ ಮಾತು ಬೇರೆ. ಊರ್ಡಿಗೆರೆಯಿಂದ ತುಮಕೂರಿನ ಸರ್ಕಾರಿ ಕಾಲೇಜಿಗೆ ಹೋಗಿಬರುವ ಹುಡುಗಿಗೆ 2023ರ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸು ಉಚಿತ. ಹಿಂದುಳಿದ ವರ್ಗದವಳಾಗಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯಿಂದ ತಿಂಗಳಿಗೆ 1,500 ರೂಪಾಯಿ ಒದಗಬಹುದು. ಅವಳಿಗೆ ಸಾಲ ಬೇಕಾಗಿಲ್ಲ, ಕೇಳಿದರೆ ಸುಲಭವಾಗಿ ಸಿಗುವುದೂ ಇಲ್ಲ. ಕನ್ನಡ ಸಾಹಿತ್ಯದ ಅಥವಾ ಇತಿಹಾಸದ ಓದು ಎಷ್ಟು ಸಂಬಳ ತಂದೀತೆಂದು ಬ್ಯಾಂಕು ಕೇಳಿದರೆ ಯಾವ ಅಧ್ಯಾಪಕನಾದರೂ ಏನೆಂದು ಉತ್ತರಿಸಬಲ್ಲ? ಹೀಗೆ ಸಾಲದ ಪದ್ಧತಿಯು ತನಗೆ ತಿಳಿಯದಂತೆಯೇ ವಿದ್ಯೆಗಳಲ್ಲಿ ತಾರತಮ್ಯವನ್ನು ಏರ್ಪಡಿಸುತ್ತದೆ.

ಪರಿಹಾರಕ್ಕೆ ದೂರ ಹೋಗಬೇಕಾಗಿಲ್ಲವಾದರೂ ಒಂದು ದೂರದ ಉದಾಹರಣೆ ಪ್ರಸ್ತುತ. ಆಸ್ಟ್ರೇಲಿಯದಲ್ಲಿ 1989ರಿಂದ, ಓದಿದವನ ವರಮಾನವು ಒಂದು ಮಿತಿಯನ್ನು ದಾಟಿದ ಮೇಲೆಯೇ, ತೆರಿಗೆಯೊಡನೆ, ಶಿಕ್ಷಣದ ಬಾಕಿಯನ್ನು ವಸೂಲು ಮಾಡುತ್ತಾರೆ. ಸಂಪಾದನೆಯಿಲ್ಲದ ವರ್ಷಗಳಲ್ಲಿ ಕಂತೂ ಇಲ್ಲ. ನಮ್ಮ ರಾಜ್ಯದ್ದೇ ಆದ ಅರಿವು ಸಾಲವು, ದೇವರಾಜ ಅರಸು ನಿಗಮದ ಮೂಲಕ, ಸಿಇಟಿಯಿಂದ ಆಯ್ಕೆಯಾದವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಶೇಕಡ 2ರ ಬಡ್ಡಿಗೆ ದೊರೆಯುವಂಥದು. ಬಡ್ಡಿಯ ವಿಷಯದಲ್ಲಿ ಇದು ಬ್ಯಾಂಕಿನ ಸಾಲಕ್ಕಿಂತ ಎಷ್ಟೋ ಮೇಲು.

ಆದರೆ ನನಗೆ ಎಲ್ಲಕ್ಕಿಂತ ವಿವೇಕಯುತವಾಗಿ ತೋರುವುದು ಈಗ ಮರೆತುಹೋದ ಒಂದು ಷರತ್ತು. 1963ರಲ್ಲಿ ಭಾರತ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನಕ್ಕೆ ಬಡ್ಡಿಯೇ ಇರಲಿಲ್ಲ. ಪಡೆದವನು ಅಧ್ಯಾಪಕನಾದರೆ ಸೇವೆಯ ಪ್ರತಿಯೊಂದು ವರ್ಷಕ್ಕೂ ಸಾಲದ ಹತ್ತನೆಯ ಒಂದಂಶ ಮನ್ನಾ ಆಗುತ್ತಿತ್ತು. ವಸೂಲಿಯು ಕುಂಠಿತವಾಗಿ ಆ ಯೋಜನೆ ನಿಂತುಹೋದದ್ದು ನಿಜ. ವಸೂಲಿಯ ದೋಷಕ್ಕಾಗಿ ಆ ಷರತ್ತನ್ನೂ ಬಿಸುಟದ್ದು ಮಾತ್ರ ಅವಿಚಾರ. ಕುಣಿಗಲ್ಲಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸಲು, ಗುಬ್ಬಿಯ ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿ ನಿಲ್ಲಲು ಒಪ್ಪುವ ಸಾಲಗಾರರಿಗೆ ಇಂದಿಗೂ ಅದನ್ನು ಅನ್ವಯಿಸಬಹುದು. ವಿರಾಮಕಾಲದ ಬಡ್ಡಿಗೆಂದು ಈಗಾಗಲೇ ಹಣ ತೆಗೆದಿಡುತ್ತಿರುವ ಸರ್ಕಾರಕ್ಕೆ ಇದು ಅಪರಿಚಿತವಾದ ವ್ಯಯವೇನೂ ಅಲ್ಲ.