ಹಸಿ ಕಿವಿಯ ಆರು ವಾರ

ನಮ್ಮ ಕಡೆ ಕಿವಿ ಚುಚ್ಚುವುದೆಂದರೆ ಅರ್ಧ ಗಂಟೆಯ ಸಂಭ್ರಮ. ಸೋದರಮಾವನ ತೊಡೆ, ಎದುರಿಗೆ ಅಕ್ಕಸಾಲಿ, ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ. ಮಗು ಎರಡು ಸಲ ಕಿಟಾರನೆ ಚೀರುತ್ತದೆ, ಬಾಯಿಗೆ ಬೆಲ್ಲದ ಚೂರು ಬೀಳುತ್ತದೆ. ಉಂಡವರು ಎಲೆಯಡಿಕೆ ಹಾಕಿಕೊಂಡು ಹೊರಡುವ ಹೊತ್ತಿಗೆ ಎಲ್ಲ ಮುಗಿದ ಹಾಗೆ. ಕಿವಿಯ ಪಾಲಿಗೆ ಮಾತ್ರ ಆಗಷ್ಟೇ ಶುರು. ಹಾಲೆಯ ತೂತು ಮಾಯಲು ಆರರಿಂದ ಎಂಟು ವಾರ ಬೇಕು. ಚುಚ್ಚುವ ಗಳಿಗೆಗೆ ಪಂಚಾಂಗ ನೋಡುವ ನಾವು ಈ ಆರು ವಾರಕ್ಕೆ ಏನನ್ನೂ ಇಟ್ಟಿಲ್ಲ. ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ, ಅಮ್ಮ ಅಷ್ಟನ್ನೂ ಮಾಡುತ್ತಾಳೆ. ಹಸಿ ಕಿವಿಯ ಆರೈಕೆಯಲ್ಲಿ ನಾವು ತಪ್ಪುತ್ತಿರುವುದು ಮಾಡದೆ ಬಿಟ್ಟದ್ದರಿಂದಲ್ಲ, ಮಾಡಿದ್ದು ಹೆಚ್ಚಾದದ್ದರಿಂದ.

ಇದನ್ನು ನಾನು ಕಲಿತದ್ದು ಮಗಳ ಕಿವಿಯಿಂದ. ಅವಳಿಗೆ ಐದು ತುಂಬಿದ ಮೇಲೆ ಪೇಟೆಯ ಒಂದು ಚಿನ್ನದಂಗಡಿಯಲ್ಲಿ ಗನ್ನಿನಿಂದ ಚುಚ್ಚಿಸಿದೆವು. ಬಿಲ್ಲಿನ ಜೊತೆ ಒಂದು ಚೀಟಿ ಕೊಟ್ಟರು: ದಿನಕ್ಕೆ ಮೂರು ಸಲ ಓಲೆ ತಿರುಗಿಸಿ, ಸ್ಪಿರಿಟ್ ಹಚ್ಚಿ. ಚೀಟಿಯನ್ನು ಕನ್ನಡಿಗೆ ಅಂಟಿಸಿಕೊಂಡು ಹಾಗೇ ಮಾಡಿದೆ. ತಿರುಗಿಸುವಾಗ ಅವಳು ಭುಜ ಕುಗ್ಗಿಸಿ ಹಲ್ಲು ಕಚ್ಚುತ್ತಿದ್ದಳು. ನೋವು ಸಹಜ ಅಂದುಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಬಲಗಿವಿಯ ಹಿಂಬದಿಯ ಕ್ಲಿಪ್ಪು ಇಲ್ಲ. ಬಿದ್ದಿರಬೇಕೆಂದು ಹೊದಿಕೆ ಕೊಡವಿದೆ, ದಿಂಬಿನ ಚೀಲ ತಿರುವಿದೆ. ಅದು ಬಿದ್ದಿರಲೇ ಇಲ್ಲ. ಬಾತುಕೊಂಡ ಹಾಲೆಯೊಳಗೆ ಹುದುಗಿ, ಲೋಹದ ಅಂಚು ಮಾತ್ರ ಅಕ್ಕಿಕಾಳಿನಷ್ಟು ಇಣುಕುತ್ತಿತ್ತು. ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬಿಡಿಸಿ ತೆಗೆದರು. ಸಣ್ಣ ಮಕ್ಕಳಲ್ಲಿ ಇದು ಅಪರೂಪವೇನಲ್ಲ ಎಂದರು. ಗನ್ನಿನ ಓಲೆಯ ಕಡ್ಡಿ ಗಿಡ್ಡ, ಕ್ಲಿಪ್ಪು ಬಿಗಿ. ಬಾವು ಬಂದರೆ ಹಾಲೆಗೆ ಹಿಗ್ಗಲು ಜಾಗವಿರುವುದಿಲ್ಲ.

ತೂತಿನೊಳಗೆ ನಡೆಯುವುದೇನೆಂದು ಗೊತ್ತಿದ್ದರೆ ಆ ಚೀಟಿಯನ್ನು ನಾನು ನಂಬುತ್ತಿರಲಿಲ್ಲ. ಚುಚ್ಚಿದ ಗಾಯ ಮಿಕ್ಕ ಗಾಯಗಳ ಹಾಗೆ ಕೂಡಿಕೊಂಡು ಮುಚ್ಚುವುದಿಲ್ಲ. ಮುಂದಿನ ಬಾಯಿಂದಲೂ ಹಿಂದಿನ ಬಾಯಿಂದಲೂ ಹೊಸ ಚರ್ಮ ಒಳಮುಖವಾಗಿ ಬೆಳೆದು, ನಡುವೆ ಸೇರಿ, ಕಡ್ಡಿಯ ಸುತ್ತ ತೆಳ್ಳನೆಯ ಕೊಳವೆಯಾಗುತ್ತದೆ. ಹಾಗಾಗಿ ಎರಡು ವಾರಕ್ಕೆ ಹೊರಗಿನಿಂದ ಕಿವಿ ಒಣಗಿದಂತೆ ಕಂಡರೂ ನಡುಭಾಗ ಹಸಿಯಾಗಿಯೇ ಇರುತ್ತದೆ. ಓಲೆಯ ಬುಡದಲ್ಲಿ ಬೆಳಿಗ್ಗೆ ಕಟ್ಟಿಕೊಳ್ಳುವ ತಿಳಿಹಳದಿ ಹಕ್ಕಳೆ ಕೀವಲ್ಲ, ಗಾಯ ಮಾಯುವಾಗ ಒಸರುವ ರಸ ಒಣಗಿದ್ದು. ಅದರ ಸಮೇತ ಓಲೆ ತಿರುಗಿಸಿದರೆ ಒರಟು ಹಕ್ಕಳೆ ಒಳಕ್ಕೆ ಹೋಗಿ ಆಗಷ್ಟೇ ಮೂಡಿದ ಚರ್ಮವನ್ನು ಗೀರುತ್ತದೆ. ದಿನಕ್ಕೆ ಮೂರು ಸಲ ತಿರುಗಿಸುವುದೆಂದರೆ ಮೂರು ಸಲ ಗಾಯ ಮಾಡಿದಂತೆಯೇ. ಚರ್ಮ ಓಲೆಗೆ ಅಂಟಿಕೊಳ್ಳುತ್ತದೆ ಎಂಬ ಭಯದಿಂದ ಹುಟ್ಟಿದ ಸಲಹೆ ಇದು. ಒಂದು ಕಾಲಕ್ಕೆ ವೈದ್ಯರೂ ಹೇಳುತ್ತಿದ್ದರು. ಚುಚ್ಚುವುದನ್ನೇ ಕಸುಬಾಗಿಸಿಕೊಂಡವರ ಅಮೆರಿಕದ ಸಂಘ ಈಗ ತಿರುಗಿಸಲೇಬೇಡಿ ಎನ್ನುತ್ತದೆ. ನನ್ನ ಅನುಭವವೂ ಅದರ ಕಡೆಗೇ ಇದೆ.

ತಿರುಗಿಸುವುದು ನಮ್ಮ ಹಳೆಯ ಪದ್ಧತಿ, ಅದನ್ನು ಬಿಡುವುದು ಹೊಸಬರ ಮಾತು ಎನ್ನುವವರು ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವನ್ನು ಓದಬೇಕು. ಆ ಅಧ್ಯಾಯದ ಬಹುಪಾಲು ಕಿವಿ ಚುಚ್ಚುವುದರ ಮತ್ತು ಹರಿದ ಕಿವಿ ಕೂಡಿಸುವುದರ ಬಗ್ಗೆಯೇ ಇದೆ. ಆರನೆಯದೋ ಏಳನೆಯದೋ ತಿಂಗಳಲ್ಲಿ ಮಗುವನ್ನು ದಾದಿಯ ಮಡಿಲಲ್ಲಿ ಕೂರಿಸಿ, ಆಟಿಕೆಗಳಿಂದ ರಮಿಸುತ್ತ, ಎಡಗೈಯಿಂದ ಹಾಲೆ ಎಳೆದು ಹಿಡಿದು, ಬಿಸಿಲು ಹಾಯುವ ತೆಳು ಜಾಗ ನೋಡಿ ನಿಧಾನವಾಗಿ, ನೇರವಾಗಿ ಚುಚ್ಚಬೇಕು. ತೆಳು ಕಿವಿಗೆ ಸೂಜಿ, ದಪ್ಪ ಕಿವಿಗೆ ದಬ್ಬಳ. ಚುಚ್ಚಿದ ಮೇಲೆ ಹತ್ತಿಯ ಬತ್ತಿ ಇಟ್ಟು ಕಾಯಿಸದ ಎಣ್ಣೆ ಎರೆಯಬೇಕು. ಮುಂದಿನ ಮಾತು ನನಗೆ ಬಹಳ ಮುಖ್ಯವೆನಿಸಿದ್ದು: ಮೂರು ಮೂರು ದಿನಕ್ಕೊಮ್ಮೆ ಇನ್ನೊಂದಿಷ್ಟು ದಪ್ಪನೆಯ ಬತ್ತಿ ಹಾಕಬೇಕು, ಎಣ್ಣೆಯನ್ನೂ ಆಗಲೇ ಎರೆಯಬೇಕು. ನಡುವಿನ ದಿನಗಳಲ್ಲಿ ಕೈಗೆ ಬಿಡುವು. ಮೂರು ದಿನಕ್ಕೊಮ್ಮೆ ಇದ್ದದ್ದು ನಮ್ಮ ಮನೆಗಳಲ್ಲಿ ದಿನಕ್ಕೆ ಮೂರು ಸಲ ಆಯಿತು.

ಆ ಗ್ರಂಥದ ಎಲ್ಲ ಮಾತನ್ನೂ ಇವತ್ತು ಪಾಲಿಸಬೇಕೆಂದು ನಾನು ಹೇಳುತ್ತಿಲ್ಲ. ಜಾಗ ತಪ್ಪಿ ಚುಚ್ಚಿದ್ದರಿಂದ ನೋವು, ಉರಿಯೂತ ಬಂದರೆ ಬತ್ತಿಯನ್ನು ಬೇಗ ತೆಗೆದು, ಜೇಷ್ಠಮಧು, ಹರಳುಬೇರು, ಮಂಜಿಷ್ಠ, ಜವೆ, ಎಳ್ಳು ಅರೆದು ಜೇನುತುಪ್ಪ ಮತ್ತು ತುಪ್ಪದಲ್ಲಿ ಕಲಸಿ ಲೇಪಿಸಿ, ಪೂರ್ತಿ ಮಾದ ಮೇಲೆ ಮತ್ತೆ ಚುಚ್ಚಿ ಎನ್ನುತ್ತದೆ ಅದು. ಈಗಿನ ವೈದ್ಯರು ಹಾಲೆಗೆ ನಂಜಾದ ಕೂಡಲೇ ಓಲೆ ತೆಗೆಯಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ತೂತಿನ ಎರಡೂ ಬಾಯಿ ಮುಚ್ಚಿದರೆ ಕೀವು ಹೊರಬರಲಾಗದೆ ಒಳಗೇ ಗಡ್ಡೆ ಕಟ್ಟುತ್ತದೆ. ಇಲ್ಲಿ ಈಗಿನವರ ಮಾತೇ ಸರಿ. ಆದರೆ ಗಾಯ ಹೇಗಿದೆ ಎಂದು ನೋಡಿ ತೀರ್ಮಾನ ಮಾಡು, ಅವಸರ ಬೇಡ ಎಂಬ ಆ ಬರಹದ ಮನೋಧರ್ಮ ನಮ್ಮ ಅಂಗಡಿ ಚೀಟಿಗಳಲ್ಲಿ ಎಲ್ಲೂ ಇಲ್ಲ.

ಇನ್ನು ಅಜ್ಜಿಯರ ಕೊಬ್ಬರಿ ಎಣ್ಣೆ, ಅರಿಶಿನ. ಇದನ್ನು ಒಂದೇ ಏಟಿಗೆ ತಳ್ಳಿಹಾಕುವವರ ಜೊತೆ ನಾನಿಲ್ಲ. ಬೆಚ್ಚಗಿನ ಎಣ್ಣೆ ಹಕ್ಕಳೆಯನ್ನು ಮೆತ್ತಗಾಗಿಸುತ್ತದೆ, ಚರ್ಮ ಬಿರಿಯದಂತೆ ನೋಡಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಮಗುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಎರಡೂ ಕಿವಿಯ ಮುಂದೆ ಹಿಂದೆ ನೋಡುತ್ತಿದ್ದಳು. ಕೆಂಪಾಗಿದ್ದರೆ, ಬಿಸಿಯಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಕಾಯುತ್ತಿದ್ದದ್ದು ಎಣ್ಣೆಗಿಂತ ಹೆಚ್ಚಾಗಿ ಆ ನೋಟ. ಆದರೆ ಅಡುಗೆಮನೆ ಡಬ್ಬಿಯ ಅರಿಶಿನವನ್ನು ಹಸಿ ಗಾಯಕ್ಕೆ ಹಾಕುವುದನ್ನು ನಾನು ಒಪ್ಪಲಾರೆ. ಅರಿಶಿನದ ಸಾರ ಪ್ರಯೋಗಾಲಯದಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆದದ್ದುಂಟು, ಆದರೆ ಒದ್ದೆ ಚಮಚ ಬಿದ್ದ ಡಬ್ಬಿಯ ಪುಡಿ ಆ ಸಾರವಲ್ಲ. ಬಣ್ಣ ಬರಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ಭಾರತದಲ್ಲೂ ಬಾಂಗ್ಲಾದೇಶದಲ್ಲೂ ಪತ್ತೆಯಾಗಿದೆ. ಮೇಲಾಗಿ ಪುಡಿ ರಸದ ಜೊತೆ ಸೇರಿ ಗಟ್ಟಿ ಹಕ್ಕಳೆಯಾಗುತ್ತದೆ. ತೂತು ಮುಚ್ಚದಿರಲೆಂದು ತೂರಿಸುವ ಪೊರಕೆ ಕಡ್ಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ನೆಲ ಗುಡಿಸಿದ ಕಡ್ಡಿ. ನಂಜೆಂದು ಬದನೆಕಾಯಿ ಬಿಡುವವರು ಬಿಡಲಿ, ಅದರಿಂದ ಕಿವಿಗೆ ನಷ್ಟವಿಲ್ಲ.

ಮನೆಯ ಅರಿಶಿನ ಬಿಟ್ಟವರು ಹಿಡಿದದ್ದು ಇನ್ನೂ ಖಾರವಾದದ್ದನ್ನು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ನಂಜುನಿವಾರಕ ದ್ರಾವಣ, ಇವು ಕ್ರಿಮಿಯ ಜೊತೆಗೆ ಹೊಸದಾಗಿ ಹುಟ್ಟುವ ಚರ್ಮದ ಕೋಶಗಳನ್ನೂ ಸುಡುತ್ತವೆ. ನಿಯೋಮೈಸಿನ್ ಇರುವ ಪುಡಿ, ಮುಲಾಮುಗಳಿಗೆ ಅಲರ್ಜಿ ಆಗುವವರಿದ್ದಾರೆ. ಆ ತುರಿಕೆಯನ್ನು ನಂಜೆಂದು ತಿಳಿದು ಮತ್ತಷ್ಟು ಹಚ್ಚಿ ಕಷ್ಟಪಡುತ್ತಾರೆ. ಬೇಕಾದದ್ದು ಔಷಧಿ ಅಂಗಡಿಯಲ್ಲಿ ಸಿಗುವ 0.9% ಸಲೈನ್. ಕೈ ಸೋಪಿನಲ್ಲಿ ತೊಳೆದು, ಶುದ್ಧ ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಾಲೆಯ ಮೇಲೆ ಎರಡು ಮೂರು ನಿಮಿಷ ಸುಮ್ಮನೆ ಹಿಡಿಯಬೇಕು. ಪಾಕದ ಹಾಗೆ ಗಟ್ಟಿಯಾಗಿದ್ದ ಹಕ್ಕಳೆ ತಾನೇ ಕರಗಿ ಬಟ್ಟೆಗೆ ಬರುತ್ತದೆ. ಉಗುರಿನಲ್ಲಿ ಕೀಳುವುದಿಲ್ಲ, ಓಲೆ ಅಲ್ಲಾಡಿಸುವುದಿಲ್ಲ. ದಿನಕ್ಕೆ ಎರಡು ಸಲ, ಆಮೇಲೆ ಒರಸಿ ಒಣಗಲು ಬಿಡುವುದು, ಅಷ್ಟೇ. ಕೂದಲು ಸಿಕ್ಕಿಕೊಳ್ಳದ ಹಾಗೆ ಜಡೆ ಕಟ್ಟುವುದು, ದಿಂಬಿನ ಚೀಲ ಬದಲಿಸುವುದು, ಎಣ್ಣೆಸ್ನಾನದ ಸೀಗೆಪುಡಿ ಬುಡಕ್ಕೆ ಕೂರದಂತೆ ತೊಳೆಯುವುದು, ಈ ಸಣ್ಣ ಕೆಲಸಗಳೇ ಮುಲಾಮಿಗಿಂತ ಹೆಚ್ಚು ಉಪಕಾರಿ. ಕೆಂಪು ಹಬ್ಬಿದರೆ, ಹಸಿರುಹಳದಿ ಕೀವು ಬಂದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಬೇಕು.

ಲೋಹದ ವಿಷಯದಲ್ಲಿ ಹಳಬರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಅಕ್ಕಸಾಲಿಯ ತೆಳು ಚಿನ್ನದ ತಂತಿಯ ಮುರುವಿಗೆ ಹಿಂಬದಿಯ ಕ್ಲಿಪ್ಪಿಲ್ಲ. ಹಾಲೆ ಬಾತರೂ ಜಾಗವಿದೆ, ಗಾಳಿಯಾಡುತ್ತದೆ. 22 ಕ್ಯಾರೆಟ್ ಚಿನ್ನಕ್ಕೆ ಬೆರೆಸುವುದು ಸಾಮಾನ್ಯವಾಗಿ ಬೆಳ್ಳಿ, ತಾಮ್ರ. ತುರಿಕೆ ತರುವ ಮುಖ್ಯ ಲೋಹ ನಿಕಲ್. ಅದು ಫ್ಯಾನ್ಸಿ ಓಲೆಗಳಲ್ಲೂ ಕೆಲವು ಬಿಳಿ ಚಿನ್ನದಲ್ಲೂ ಇರುತ್ತದೆ. ಯುರೋಪಿನ ಒಕ್ಕೂಟ ಚುಚ್ಚುವ ಆಭರಣದ ನಿಕಲ್‌ಗೆ 1994ರಲ್ಲೇ ಕಾನೂನಿನ ಮಿತಿ ಹಾಕಿತು. ಹಸಿ ಗಾಯದಲ್ಲಿ ಒಮ್ಮೆ ನಿಕಲ್ ಒಗ್ಗದೆ ಹೋದರೆ ಆ ಅಲರ್ಜಿ ಜೀವಮಾನವಿಡೀ ಇರುತ್ತದೆ, ಆಮೇಲೆ ಗಡಿಯಾರದ ಪಟ್ಟಿಯೂ ತುರಿಸುತ್ತದೆ. ಹಳಬರ ಕೊರತೆ ಬೇರೆ ಕಡೆ ಇತ್ತು: ಒಂದೇ ಇಕ್ಕಳ ಎಷ್ಟೋ ಕಿವಿಗೆ, ಕುದಿಸುವ ಅಭ್ಯಾಸವಿಲ್ಲ. ನಾಮಕರಣದ ದಿನವೇ ಚುಚ್ಚಿಸುವುದೂ ನನಗೆ ಸರಿಯೆನಿಸುವುದಿಲ್ಲ. ಧನುರ್ವಾಯುವಿನ ತಡೆ ಇರುವ ಪೆಂಟಾವಲೆಂಟ್ ಲಸಿಕೆ ನಮ್ಮಲ್ಲಿ 6, 10, 14 ವಾರಕ್ಕೆ ಬೀಳುತ್ತದೆ. ಆ ಮೂರು ಸೂಜಿ ಮುಗಿಯುವ ತನಕ ಕಾದರೆ ದೇವರೂ ಮಾವನೂ ಬೇಸರಿಸಲಾರರು.

ಕಾಲೇಜಿನ ಹುಡುಗಿಯರು ಈಗ ಕಿವಿಯ ಮೇಲಂಚಿಗೂ ಚುಚ್ಚಿಸುತ್ತಾರೆ, ಹಾಲೆಯ ಲೆಕ್ಕದಲ್ಲೇ ಆರೈಕೆ ಮಾಡುತ್ತಾರೆ. ಅಲ್ಲಿರುವುದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳವಿಲ್ಲ, ಹೊದ್ದ ಪೊರೆಯಿಂದಲೇ ಅದರ ಪೋಷಣೆ. ಮಾಯಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷ. 2000ದಲ್ಲಿ ಅಮೆರಿಕದ ಒರೆಗಾನ್‌ನ ಒಂದು ಮಳಿಗೆಯಲ್ಲಿ ಹೀಗೆ ಚುಚ್ಚಿಸಿಕೊಂಡ ಏಳು ಜನರಿಗೆ ಸೂಡೋಮೊನಾಸ್ ಸೋಂಕು ಖಚಿತವಾಯಿತು. ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಕ್ರಿಮಿನಾಶಕ ಸಿಂಪಡಿಸುವ ಬಾಟಲಿಯಲ್ಲಿ. ಮೇಲಂಚು ಕೆಂಪಾಗಿ ನೋಯತೊಡಗಿದರೆ ಒಂದು ದಿನವೂ ಕಾಯಬಾರದು, ಮೃದ್ವಸ್ಥಿ ಕರಗಿದರೆ ಕಿವಿಯ ಆಕಾರ ಮರಳಿ ಬರುವುದಿಲ್ಲ.

ವರ್ಷ ಕಳೆದ ಮೇಲೆ ಮಗಳಿಗೆ ಮತ್ತೆ ಚುಚ್ಚಿಸಿದೆವು, ಈ ಸಲ ಅಕ್ಕಸಾಲಿಯ ಹತ್ತಿರ. ನಾನು ಕೇಳಿಕೊಂಡಂತೆ ತಂತಿ, ಇಕ್ಕಳ ಎರಡನ್ನೂ ಕುದಿಸಿದರು. ಚೀಟಿ ಕೊಡಲಿಲ್ಲ, ಮುಂದಿನ ಶುಕ್ರವಾರ ಕರೆದುಕೊಂಡು ಬನ್ನಿ ಎಂದರು. ಹೋದೆವು. ಆರು ವಾರ ತುಂಬಿದಾಗ ಮತ್ತೊಮ್ಮೆ ಹೋದೆವು. ಅವರು ಮಗುವನ್ನು ಹೊಸಿಲ ಹತ್ತಿರ ಬಿಸಿಲಿಗೆ ಬೆನ್ನಾಗಿ ನಿಲ್ಲಿಸಿ, ಮುರುವನ್ನು ಮುಟ್ಟದೆ, ಹಾಲೆಯನ್ನು ಎರಡು ಬೆರಳಲ್ಲಿ ಹಗುರಾಗಿ ಹಿಡಿದು ಬೆಳಕಿಗೆ ನೋಡಿದರು. ಎಡಗಿವಿ ಬಲಿತಿದೆ ಅಂದರು. ಬಲಗಿವಿಯಲ್ಲಿ ಹಳೆಯ ಗಾಯದ ಗುರುತಿತ್ತಲ್ಲ, ಅದರ ಪಕ್ಕದಲ್ಲಿ ಇನ್ನೂ ಕೆಂಪು ಕಾಣುತ್ತಿತ್ತು. "ಇದು ಹಸಿ ಇದೆ. ಇನ್ನೊಂದು ತಿಂಗಳು ಕೈ ಹಾಕಬೇಡಿ," ಎಂದು ಹೇಳಿ ಕಳಿಸಿದರು.