ಕಾನೂನಿನ ಕ್ರಿಯಾಪದಗಳು

2024ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಮಕ್ಕಳ ಅಶ್ಲೀಲ ಚಿತ್ರ ನೋಡಿದ ಆರೋಪದ ಪ್ರಕರಣವೊಂದನ್ನು ರದ್ದು ಮಾಡಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 67ಬಿ ಪ್ರಕಾರ ಪ್ರಕಟಿಸುವುದು, ರವಾನಿಸುವುದು ಅಪರಾಧ, ಬರೀ ನೋಡುವುದಲ್ಲ ಎಂಬುದು ತರ್ಕ. ಅದೇ ತಿಂಗಳು ಕೋರ್ಟು ತಾನೇ ಆ ಆದೇಶವನ್ನು ಹಿಂಪಡೆಯಿತು. ಓದಿದ್ದು 'ಎ' ಉಪಖಂಡವನ್ನು. ಅದರ ಕೆಳಗೇ 'ಬಿ'ಯಲ್ಲಿ ಸಂಗ್ರಹಿಸು, ಹುಡುಕು, ಬ್ರೌಸ್ ಮಾಡು, ಡೌನ್‌ಲೋಡ್ ಮಾಡು ಎಂದು ಕ್ರಿಯಾಪದಗಳ ಸಾಲೇ ನಿಂತಿತ್ತು. ನಾವು ತರಗತಿಯಲ್ಲಿ ಕವಿತೆಗಳ ಮೇಲೆ ಮಾಡುವ ನಿಕಟ ಓದಿನ ಕಸರತ್ತಿಗೆ ಇಂಥ ಬೆಲೆಯೂ ಇದೆ.

ಆ ಸೆಪ್ಟೆಂಬರ್ 23ರಂದು, ಮದ್ರಾಸ್ ಹೈಕೋರ್ಟಿನ ಇಂಥದೇ ಆದೇಶವೊಂದನ್ನು ತಳ್ಳಿಹಾಕಿದ ಸುಪ್ರೀಂ ಕೋರ್ಟ್ ಪದವನ್ನೇ ಬದಲಿಸಲು ಹೇಳಿತು: 'ಚೈಲ್ಡ್ ಪೋರ್ನೋಗ್ರಫಿ' ಬೇಡ, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎನ್ನಿ. ಕನ್ನಡದ 'ಮಕ್ಕಳ ಅಶ್ಲೀಲ ಚಿತ್ರ'ವೂ (ಮೇಲೆ ಬೇಕೆಂದೇ ಬಳಸಿದ್ದೇನೆ) ಹೋಗಬೇಕು. ಅಶ್ಲೀಲ ಎಂಬುದು ನೋಡುವವನ ಅಭಿರುಚಿಯ ಮಾತು; ಅಳಿಸಿದರೆ ಮುಗಿಯಿತು. ಶೋಷಣೆ ಎಂದೊಡನೆ ಚಿತ್ರದ ಆಚೆ ಒಂದು ಮಗು ಕಾಣುತ್ತದೆ, ಅದನ್ನು ಯಾರಾದರೂ ಹುಡುಕಿಕೊಂಡು ಹೋಗಬೇಕು. ಜಾಲತಾಣ ಸಂಸ್ಥೆಗಳಿಗೆ ತೀರ್ಪು ಹೇಳಿದ್ದೂ ಇದನ್ನೇ: ತೆಗೆದುಹಾಕಿದರೆ ಸಾಲದು, ಅಮೆರಿಕದ ಎನ್‌ಸಿಎಂಇಸಿಗೆ ವರದಿ ಕಳಿಸಿದರೂ ಸಾಲದು. ಪೋಕ್ಸೊ ಪ್ರಕಾರ ಇಲ್ಲಿನ ಪೊಲೀಸರಿಗೆ ತಿಳಿಸದಿದ್ದರೆ, ಬಳಕೆದಾರರು ಹಾಕಿದ್ದಕ್ಕೆ ನಾವು ಹೊಣೆಯಲ್ಲ ಎನ್ನಲು ಸೆಕ್ಷನ್ 79 ಕೊಡುವ ರಕ್ಷಣೆ ಸಿಗದು.

ನನ್ನ ತಕರಾರು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 20 ಓದಿ. ಹೋಟೆಲು, ಲಾಡ್ಜು, ಆಸ್ಪತ್ರೆ, ಕ್ಲಬ್ಬು, ಸ್ಟುಡಿಯೊ: ಎಷ್ಟೇ ಜನ ಕೆಲಸಕ್ಕಿರಲಿ, ಇಂಥದು ಕಣ್ಣಿಗೆ ಬಿದ್ದರೆ ಪೊಲೀಸರಿಗೆ ತಿಳಿಸತಕ್ಕದ್ದು. ಗಾಂಧಿ ಬಜಾರಿನ ಮಹಡಿ ಮೇಲೆ ಇಬ್ಬರೇ ನಡೆಸುವ ಫೋಟೋ ಸ್ಟುಡಿಯೊಗೂ ಇದು ಅನ್ವಯ. ತೊಳೆಯುವಾಗ, ಪ್ರಿಂಟು ಹಾಕುವಾಗ ಅವರಿಗೆ ಚಿತ್ರ ಕಂಡೇ ಕಾಣುತ್ತದೆ. ಜಾಲತಾಣಕ್ಕೆ ಹಾಗೆ ಕಾಣುವ ಕಣ್ಣಿಲ್ಲ, ಹುಡುಕಿದರಷ್ಟೇ ಕಂಡೀತು. ಹುಡುಕುವ ಬಗ್ಗೆ ಐಟಿ ನಿಯಮ 4(4) 2021ರಲ್ಲಿ ಜಾರಿಗೆ ಬಂದಾಗ ಏನೆಂದಿತ್ತು? 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಜಾಲತಾಣ ಪತ್ತೆ ತಂತ್ರಜ್ಞಾನವನ್ನು ಅಳವಡಿಸಲು 'ಪ್ರಯತ್ನಿಸತಕ್ಕದ್ದು'.

ಎಲ್ಲರ ಪತ್ರ ಒಡೆದು ಓದುವ ಯಂತ್ರ ಬೇಡ ಎಂಬ ಆತಂಕ ನನಗೂ ಇದೆ. ಆ ನಿಯಮವೇ ಖಾಸಗಿತನಕ್ಕೂ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೂ ತಕ್ಕ ಪ್ರಮಾಣದಲ್ಲಿರಬೇಕು ಎನ್ನುತ್ತದೆ, ಸರಿ. ಆದರೆ ಎಲ್ಲವೂ ಗೂಢಲಿಪಿಯ ಪತ್ರವಲ್ಲ. ಎಲ್ಲರಿಗೂ ತೆರೆದ ಪುಟಗಳಿವೆ, ಸಂಸ್ಥೆಯ ಸರ್ವರಿನಲ್ಲಿ ಬಿಚ್ಚಿ ಕೂತ ಕಡತಗಳಿವೆ. ಪತ್ತೆಯಾದ ಚಿತ್ರಗಳ ಬೆರಳಚ್ಚಿನಂಥ ಗುರುತನ್ನು ಹೊಸದರ ಜೊತೆ ತಾಳೆ ನೋಡುವ ಫೋಟೋಡಿಎನ್‌ಎ 2009ರಿಂದಲೇ ಇದೆ. ಅಲ್ಲಿ ಮಟ್ಟಿಗಾದರೂ 'ಪ್ರಯತ್ನಿಸತಕ್ಕದ್ದು' ಎಂಬಲ್ಲಿ 'ಪ್ರಯತ್ನ'ವನ್ನು ಹೊಡೆದುಹಾಕಿ 'ಹುಡುಕತಕ್ಕದ್ದು' ಎಂದು ಆಗಲೇ ಬರೆಯಬಹುದಿತ್ತು.