ಆಚಾರ್ಯರ ಬೆನ್ನುನೋವು

ಮಳೆ ಹಿಡಿದ ಒಂದು ಮಧ್ಯಾಹ್ನ ಮಡಿಕೇರಿಯಲ್ಲಿ ಬಿ.ಎ. ತರಗತಿಗೆ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಪಾಠ ಹೇಳುತ್ತಿದ್ದೆ. ಪ್ರಾಣೇಶಾಚಾರ್ಯರು ರೋಗಿಷ್ಠೆಯಾದ ಭಾಗೀರಥಿಯ ಸೇವೆಯನ್ನು ಇಪ್ಪತ್ತು ವರ್ಷ ಎಡೆಬಿಡದೆ ಮಾಡಿದರೆಂದು ವಿವರಿಸುತ್ತಿರುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಅವರಿಗೆ ಬೆನ್ನುನೋವು ಬರಲಿಲ್ಲವೇ ಸರ್?” ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ಅವಳ ಮನೆಯಲ್ಲಿ ಪಾರ್ಶ್ವವಾಯು ಬಡಿದ ಅಜ್ಜಿ ಆರು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆಂದೂ, ಅವರನ್ನು ಎತ್ತಿ ಮಲಗಿಸುವ ತಾಯಿಗೆ ಈಗ ತಾನೇ ನೆಟ್ಟಗೆ ನಿಲ್ಲುವುದು ಕಷ್ಟವಾಗಿದೆಯೆಂದೂ ಅನಂತರ ತಿಳಿಯಿತು. ನಕ್ಕದ್ದಕ್ಕೆ ನಾಚಿಕೆಯಾಯಿತು. ಆ ಪ್ರಶ್ನೆಯನ್ನೇ ಹಿಡಿದು ಕಾದಂಬರಿಯನ್ನು ಇನ್ನೊಮ್ಮೆ ಓದಿದೆ.

ಈ ಕೃತಿಯನ್ನು ಧರ್ಮ-ಕಾಮಗಳ ಘರ್ಷಣೆಯೆಂದೂ ಬ್ರಾಹ್ಮಣ್ಯದ ವಿಮರ್ಶೆಯೆಂದೂ ನಮ್ಮ ವಿಮರ್ಶಕರು ವಿವರಿಸಿದ್ದಾರೆ. ಅವು ಸಲ್ಲುವ ಮಾತುಗಳೇ. ಆದರೆ ಕಾದಂಬರಿ ತೆರೆದುಕೊಳ್ಳುವುದು ಶಾಸ್ತ್ರಚರ್ಚೆಯಿಂದಲ್ಲ, ರೋಗಿಯ ಆರೈಕೆಯಿಂದ. ಹೆಂಡತಿಯನ್ನು ಮೀಯಿಸಿ, ಬಟ್ಟೆ ಬದಲಿಸಿ, ಪೂಜೆ ಮುಗಿಸಿ, ರವೆಗಂಜಿ ಕುಡಿಸುವುದು ಆಚಾರ್ಯರ ನಿತ್ಯದ ಕೆಲಸ. ಅದರಿಂದ ತಮ್ಮ ಆತ್ಮ ಪಕ್ವವಾಗುತ್ತಿದೆಯೆಂದು ಅವರ ನಂಬಿಕೆ. ಇನ್ನೊಂದು ಮದುವೆ ಮಾಡಿಕೊಳ್ಳಿರೆಂದು ಹೇಳುವವಳು ಭಾಗೀರಥಿಯೇ. ಗಂಡನ ಬಾಳಿನ ಕೊರತೆ ಮಲಗಿದವಳಿಗೆ ಕಾಣುತ್ತದೆ, ಓಡಾಡುವವರಿಗೆ ಕಾಣುವುದಿಲ್ಲ. ಸೇವೆಯನ್ನು ತಪಸ್ಸೆಂದು ಕರೆದುಕೊಂಡವರು ದಣಿದೆನೆಂದು ಹೇಗೆ ಹೇಳಿಯಾರು?

ಚಂದ್ರಿಯ ಪ್ರಸಂಗವನ್ನು ಈ ದೃಷ್ಟಿಯಿಂದ ನೋಡಬೇಕು. ಹಸಿದು, ಸೋತು, ದೇವರಿಂದಲೂ ಉತ್ತರ ದೊರೆಯದೆ ಕತ್ತಲಲ್ಲಿ ಮರಳುವ ಆಚಾರ್ಯರ ಬಾಯಿಂದ ಆಗ ಹೊರಡುವುದು ತಾಯಿಯನ್ನು ಕರೆಯುವ ಕೂಗು. ಚಂದ್ರಿ ಬಾಳೆಹಣ್ಣು ಸುಲಿದು ತಿನ್ನಿಸುತ್ತಾಳೆ. ಇಪ್ಪತ್ತು ವರ್ಷ ಇನ್ನೊಬ್ಬರಿಗೆ ಉಣಿಸಿದ ಮನುಷ್ಯನಿಗೆ ಒಬ್ಬರು ಉಣಿಸುತ್ತಾರೆ. ಅಲ್ಲಿ ಕಾಮವಿದೆ, ನಿಜ. ಆದರೆ ಅದಕ್ಕಿಂತ ಮೊದಲು ಬಳಲಿಕೆಯಿದೆ. ಆಮೇಲೆ ಅವರು ಭಾಗೀರಥಿಯನ್ನು ಮೀಯಿಸುವಾಗ ಅವಳ ಬತ್ತಿದ ದೇಹ ಮೊದಲ ಬಾರಿಗೆ ವಿಕಾರವಾಗಿ ಕಾಣುತ್ತದೆ. ಅಲ್ಲಿಯವರೆಗೆ ಕಂಡಿರಲಿಲ್ಲವೆಂದರೆ ಕಣ್ಣು ಅಷ್ಟು ಮರಗಟ್ಟಿತ್ತೆಂದೇ ಅರ್ಥ.

ಇದು ಕೇವಲ ಓದುಗನ ಊಹೆಯಲ್ಲ. ಅಮೆರಿಕದ ಓಹಾಯೊದ ಸಂಶೋಧಕರು 1995ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮರೆವಿನ ರೋಗದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ ಸಣ್ಣದೊಂದು ಗಾಯ ಮಾಡಿ ನೋಡಿದಾಗ, ಅಂಥ ಹೊರೆಯಿಲ್ಲದ ಹೆಂಗಸರಿಗಿಂತ ಅವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು. 1999ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಸಂಶೋಧಕರ ಇನ್ನೊಂದು ಅಧ್ಯಯನ ವೃದ್ಧ ದಂಪತಿಗಳನ್ನು ಕುರಿತು ಬಂದಿತು. ಸಂಗಾತಿಯ ಆರೈಕೆಯಲ್ಲಿ ಬಳಲಿದವರು 4 ವರ್ಷಗಳ ಅವಧಿಯಲ್ಲಿ ಸಾಯುವ ಸಂಭವ, ಆರೈಕೆಯ ಹೊಣೆಯಿಲ್ಲದವರಿಗಿಂತ ನೂರಕ್ಕೆ 63ರಷ್ಟು ಹೆಚ್ಚಾಗಿತ್ತು. ಆರೈಕೆ ಮಾಡಿಯೂ ಬಳಲದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಎಂದರೆ ಕೊಲ್ಲುವುದು ಸೇವೆಯಲ್ಲ; ವಿರಾಮವಿಲ್ಲದ, ಪಾಲುಗಾರರಿಲ್ಲದ ಒತ್ತಡ.

ಇಲ್ಲಿಯೇ ‘ಸಂಸ್ಕಾರ’ದ ಒಂದು ಮಿತಿಯನ್ನೂ ಹೇಳಬೇಕು. ಆಚಾರ್ಯರ ಸೇವೆಗೆ ಅಗ್ರಹಾರದ ಗೌರವವಿದೆ. ಹೆಂಡತಿ ಪ್ಲೇಗಿಗೆ ತುತ್ತಾದ ಮೇಲೆ ಅವಳನ್ನು ದಹಿಸಿ, ಕಾಲು ಕೊಂಡೊಯ್ದತ್ತ ನಡೆದುಬಿಡುವ ಸ್ವಾತಂತ್ರ್ಯವಿದೆ. ಚಂದ್ರಿಗೆ ಇವೆರಡೂ ಇಲ್ಲ. ಜ್ವರದ ನಾರಣಪ್ಪನೊಡನೆ ಇದ್ದವಳು ಅವಳು. ಬ್ರಾಹ್ಮಣರು ಮುಟ್ಟದ ಹೆಣವನ್ನು ರಾತ್ರೋರಾತ್ರಿ ಸುಡಿಸಿದವಳೂ ಅವಳೇ. ಆ ಕೆಲಸ ಮುಗಿದೊಡನೆ ಅವಳು ಕಥೆಯಿಂದ ಮರೆಯಾಗುತ್ತಾಳೆ. ಆಚಾರ್ಯರ ತಳಮಳಕ್ಕೆ ಪುಟಗಟ್ಟಲೆ ಜಾಗವಿದೆ. ಅವಳು ಆ ರಾತ್ರಿಯ ಮೇಲೆ ನಿದ್ದೆ ಮಾಡಿದಳೇ ಎಂದು ಕೃತಿಯೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಕೊಡಗಿನಲ್ಲಿ ಐನ್‌ಮನೆ ತುಂಬಿದ್ದ ಕಾಲಕ್ಕೆ ರೋಗಿಯ ಮಗ್ಗುಲು ಬದಲಿಸಲು ನಾಲ್ಕು ಕೈಗಳಿದ್ದವು. ಆಗಲೂ ಅವು ಹೆಚ್ಚಾಗಿ ಹೆಂಗಸರ ಕೈಗಳೇ ಎಂಬುದನ್ನು ಮರೆಯಬಾರದು. ಈಗ ಮಕ್ಕಳು ಬೆಂಗಳೂರಿನಲ್ಲೋ ಸೈನ್ಯದಲ್ಲೋ ಇರುವ ಎಷ್ಟೋ ತೋಟದ ಮನೆಗಳಲ್ಲಿ ಎರಡೇ ಕೈ. ಕಾಯಿಲೆ ಜೋರಾದರೆ ಮೈಸೂರಿನ ದಾರಿ. ನೆರೆಯವರು ಅವಳನ್ನು ಪುಣ್ಯವಂತೆ ಎನ್ನುತ್ತಾರೆ. ಹೊಗಳುವ ಬದಲು ಎರಡು ರಾತ್ರಿ ಬಂದು ರೋಗಿಯ ಬಳಿ ಕುಳಿತರೆ ಅವಳು ನಿದ್ದೆ ಮಾಡಿಯಾಳು.

ಮರುವಾರ ಆ ಹುಡುಗಿಯ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ. “ಬಂದಿರಲೇಬೇಕಮ್ಮ, ಆದರೆ ಅವರು ಯಾರಿಗೆ ಹೇಳಿಕೊಳ್ಳಬೇಕಿತ್ತು?” ಎಂದೆ. ಈ ಸಲ ಯಾರೂ ನಗಲಿಲ್ಲ. ಚಂದ್ರಿಯನ್ನು ಕುರಿತು ಪ್ರಬಂಧ ಬರೆದು ತರಲು ಎಲ್ಲರಿಗೂ ಹೇಳಿದೆ. ಅವಳು ಮಾತ್ರ ಎರಡು ದಿನ ಹೆಚ್ಚು ಕೇಳಿದಳು: ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು, ಅಜ್ಜಿಯ ಬಳಿ ಇರಲು ಇನ್ನೊಬ್ಬರು ಸಿಗಬೇಕಾಗಿತ್ತು.